ಹತ್ತು ಸಾವಿರದ ಏಳು ಬಿಲ್ಲೆಗಳು

ಊರಿನ ಮಕ್ಕಳೆಲ್ಲ ಒಂದೊಂದು ಮಣ್ಣಿನ ಬಿಲ್ಲೆಗೆ ಬಣ್ಣ ಬಳಿದು ಕೊಡಲಿ, ಅದನ್ನೆಲ್ಲ ಸುಟ್ಟು ಹೊಸ ಗ್ರಂಥಾಲಯದ ಗೋಡೆಗೆ ಕೂರಿಸೋಣ ಅಂತ ಮೊದಲು ಬಾಯಿ ಬಿಟ್ಟವಳು ಬಿಲ್ಲೆ ಮೇಡಮ್ಮೇ. ಆಮೇಲೆ ಆ ಒಂದು ಮಾತಿಗಾಗಿ ತನ್ನ ನಾಲಗೆಯನ್ನು ತಾನೇ ಎಷ್ಟು ಸಲ ಶಪಿಸಿಕೊಂಡಳೋ ಲೆಕ್ಕವಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗಾಗಿತ್ತು ಅವಳ ಕತೆ.

ಬಿಲ್ಲೆ ಮೇಡಂ ಅಂತ ಹೆಸರಿಟ್ಟವರು ಶಾಲೆಯ ಮಕ್ಕಳು. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಅವಳದೊಂದು ಕಾರ್ಖಾನೆ. ಕಾರ್ಖಾನೆ ಅಂದರೆ ತಗಡಿನ ಮಾಡು, ಎರಡು ಉದ್ದನೆಯ ಮೇಜು, ಮಣ್ಣು ಸುಡುವ ಒಂದು ಕರೆಂಟಿನ ಗೂಡು, ಗೋಡೆಯುದ್ದಕ್ಕೂ ಹಲಗೆ. ಹೂಕುಂಡ, ಬಚ್ಚಲುಮನೆ ಗೋಡೆಗೆ ಬೇಕಾದ ಬಣ್ಣದ ಬಿಲ್ಲೆ, ಮನೆ ಬಾಗಿಲಿಗೆ ಹಾಕುವ ನಂಬರು, ಇಷ್ಟು ಮಾಡಿಕೊಂಡು ಸುಖವಾಗಿದ್ದವಳು. ಮೂರು ಬೆರಳಗಲದ ಹಸಿ ಬಿಲ್ಲೆಗಳನ್ನು ಡಬ್ಬಿಗಟ್ಟಲೆ ಹೊತ್ತು ಶಾಲೆ ಶಾಲೆ ಅಲೆದಳು. ಮಕ್ಕಳು ಮೀನು ಬರೆದರು, ಅಪ್ಪನ ಮೀಸೆ ಬರೆದರು, ಬರೀ ಚುಕ್ಕಿ ಇಟ್ಟರು, ಕೆಲವರು ಬಣ್ಣವನ್ನು ಬಿಲ್ಲೆಗಿಂತ ಹೆಚ್ಚಾಗಿ ಪಕ್ಕದವನ ಅಂಗಿಗೆ ಬಳಿದರು. ಎಲ್ಲವನ್ನೂ ತಂದು, ಒಣಗಿಸಿ, ಸುಟ್ಟು, ಜೋಡಿಸಿ ಎಣಿಸಿದಾಗ ಹತ್ತು ಸಾವಿರದ ಏಳು ಆದವು.

ಬಿಲ್ಲೆ ಕೂರಿಸುವ ಕೆಲಸ ಹಿಡಿದಿದ್ದ ಮೇಸ್ತ್ರಿ ಗೋಡೆಯ ಮುಂದೆ ಅಳತೆಪಟ್ಟಿ ಮಡಚುತ್ತಾ ಹೇಳಿದ. "ಎರಡು ಕಂಬದ ಮಧ್ಯೆ ಇರೋ ಜಾಗ ಇದು, ಮೇಲೆ ತೊಲೆ. ಅಗಲಕ್ಕೆ ನೂರು, ಎಳೆದರೆ ನೂರ ನಾಲ್ಕು ಬಿಲ್ಲೆ ಹಿಡಿಯುತ್ತೆ. ಎತ್ತರಕ್ಕೂ ಅಷ್ಟೇ. ನೂರು ಸಾಲು, ಸಾಲಿಗೆ ನೂರು. ಚೌಕ ಚೆನ್ನಾಗಿ ಕೂರುತ್ತೆ. ಮಿಕ್ಕಿದ ಏಳನ್ನ ಏನು ಮಾಡೋಣ?"

"ಮಿಕ್ಕೋ ಹಾಗಿಲ್ಲಪ್ಪ. ಅಧ್ಯಕ್ಷೆ ಹೇಳಿಬಿಟ್ಟಿದ್ದಾರೆ."

ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಹಿಂದೆ ಹೆಡ್ ಮೇಡಂ ಆಗಿದ್ದವರು. ಒಂದೊಂದು ಶಾಲೆಯ ಮುಂದೆಯೂ ನಿಂತು, ಒಂದು ಮಗುವಿನ ಬಿಲ್ಲೆಯನ್ನೂ ಬಿಡಲ್ಲ ಅಂತ ಮಾತು ಕೊಟ್ಟಿದ್ದರು. ಮಕ್ಕಳದಲ್ಲದ ಒಂದು ಬಿಲ್ಲೆಯೂ ಗೋಡೆಗೆ ಏರಕೂಡದು, ಅಂಚು ನಾಲ್ಕೂ ಕಡೆ ನೆಟ್ಟಗಿರಬೇಕು, ನಡುವೆ ಖಾಲಿ ಕಾಣಬಾರದು. ಎಣಿಕೆ ಮುಗಿದ ವಾರವೇ ಕಲ್ಲಿನ ಫಲಕವನ್ನೂ ಕೆತ್ತಿಸಿಯಾಗಿತ್ತು. 'ಈ ಗೋಡೆ ಹತ್ತು ಸಾವಿರದ ಏಳು ಮಕ್ಕಳ ಕೈಕೆಲಸ.' ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬಿಲ್ಲೆ ಮೇಡಂ ಕಾರ್ಖಾನೆಗೆ ವಾಪಸು ಬಂದು ಕ್ಯಾಲ್ಕುಲೇಟರ್ ಹಿಡಿದು ಕೂತಳು. ನೂರು ಆಗದಿದ್ದರೆ ತೊಂಬತ್ತೊಂಬತ್ತೋ ತೊಂಬತ್ತೆಂಟೋ ಆದೀತು, ಯಾವುದಾದರೊಂದು ಸಾಲಿಗೆ ಸರಿಯಾಗಿ ಹೊಂದಲೇಬೇಕಲ್ಲ ಅನ್ನುವುದು ಅವಳ ಧೈರ್ಯ. ಹೊಂದಲಿಲ್ಲ. ನೂರ ಮೂರಕ್ಕೆ ಭಾಗಿಸಿದಳು, ಹದಿನಾರು ಮಿಕ್ಕಿತು. ಗೋಡೆ ಹಾಳಾಗಿ ಹೋಗಲಿ, ಮೊದಲು ಯಾವ ಸಂಖ್ಯೆಗೆ ಹೋಗುತ್ತೋ ನೋಡೋಣ ಅಂತ ಕೆಳಗಿನಿಂದ ಶುರುಮಾಡಿದಳು. ಮೂರಕ್ಕೆ ಹೋಗಲಿಲ್ಲ, ಏಳಕ್ಕೆ ಹೋಗಲಿಲ್ಲ, ಹನ್ನೊಂದು ಹದಿಮೂರಕ್ಕೂ ಇಲ್ಲ. ಇಪ್ಪತ್ತಮೂರಕ್ಕೆ ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಎರಡು ಮಿಕ್ಕಿತು. ಇಪ್ಪತ್ತೊಂಬತ್ತಕ್ಕೂ ಅದೇ ದರಿದ್ರ ಎರಡು. ಯಾರೋ ಬೇಕೆಂದೇ ಅಣಕಿಸುತ್ತಿದ್ದಾರೇನೋ ಅನ್ನಿಸಿ ಅವಳಿಗೆ ಕಿವಿ ಬಿಸಿಯಾಯಿತು. ಮೇಜಿನ ಮೇಲಿದ್ದ ಚಹಾ ತಣ್ಣಗಾಗಿ ಕೆನೆಗಟ್ಟಿತು. ಕೊನೆಗೆ ಅಕ್ಕನ ಮನೆಗೆ ಫೋನು ಮಾಡಿದಳು.

ಅಕ್ಕನ ಗಂಡ, ಭಾವ, ಮೂವತ್ತು ಚಿಲ್ಲರೆ ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸೊಪ್ಪಿನ ಕಟ್ಟು ತರಲು ಕಳಿಸಿದರೆ ಮರೆತು ಬರುವ ಮನುಷ್ಯ. ಸಂಖ್ಯೆಯೊಂದನ್ನು ಕೊಟ್ಟರೆ ಮಾತ್ರ ಎದ್ದು ಕೂರುತ್ತಾರೆ.

"ಹತ್ತು ಸಾವಿರದ ಏಳು ಅಂದೆಯಾ?" ಅವರ ದನಿಯೇ ಬದಲಾಯಿತು. "ಆಹಾ. ಅದು ಅವಿಭಾಜ್ಯ ಸಂಖ್ಯೆ ಕಣಮ್ಮ. ಐದಂಕಿಯ ಅವಿಭಾಜ್ಯಗಳಲ್ಲಿ ಮೊಟ್ಟಮೊದಲನೇದು."

"ಅಂದ್ರೆ ನನಗೇನು ಭಾವ?"

"ಅಂದ್ರೆ ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಇನ್ಯಾರಿಗೂ ಅದು ಮಣಿಯಲ್ಲ. ಆಯತವಾಗಿ ಜೋಡಿಸೋಕೆ ಸಾಧ್ಯವೇ ಇಲ್ಲ. ಒಂದೇ ಸಾಲಲ್ಲಿ ಬೇಕಾದ್ರೆ ಇಡಬಹುದು."

ಒಂದೇ ಸಾಲಲ್ಲಿ ಇಟ್ಟರೆ ಗ್ರಂಥಾಲಯದ ಬಾಗಿಲಿನಿಂದ ಹೊರಟ ಬಿಲ್ಲೆ ಬಸ್ ಡಿಪೋ ದಾಟಿ ಅವಳ ಕಾರ್ಖಾನೆಯವರೆಗೆ ಬರುತ್ತಿತ್ತು. ಹಾಗಂತ ಹೇಳಿದಳು. ಭಾವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

"ಸರಿ, ಒಂದು ಬಿಲ್ಲೆ ತೆಗೆದರೆ?" ಅಂದಳು.

"ಒಂದು ತೆಗೆದರೆ ಐದು ಸಾವಿರದ ಮೂರರ ಎರಡು ಸಾಲು, ಅಷ್ಟೇ. ಯಾಕಂದ್ರೆ ಐದು ಸಾವಿರದ ಮೂರೂ ಅವಿಭಾಜ್ಯವೇ. ನೋಡು, ಎಂಥ ಚಂದ. ಒಡೆದರೆ ಅದರೊಳಗೂ ಇನ್ನೊಂದು ಗಟ್ಟಿ ಬೀಜ."

"ಒಂದು ಸೇರಿಸಿದರೆ?"

"ಆಗ ಬರುತ್ತೆ. ಎಪ್ಪತ್ತೆರಡು ಸಾಲು, ಸಾಲಿಗೆ ನೂರ ಮೂವತ್ತೊಂಬತ್ತು."

"ಕಂಬ ಒಡೀಬೇಕು ಹಾಗಾದ್ರೆ."

"ಒಡೀಬಹುದಾ?" ಅಂತ ಭಾವ ನಿಜವಾಗಿಯೇ ಕೇಳಿದರು. ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡಳು. "ಲೇ, ಏನು ಹೇಳಿದೆಯೇ ಇವರಿಗೆ? ತಟ್ಟೆ ಮುಂದೆ ಕೂರಿ ಅಂತ ನಾಲ್ಕು ಸಲ ಕರೆದೆ ಏಳಲಿಲ್ಲ, ಈಗ ಚಪ್ಪಲಿ ಇಲ್ಲದೆ ಅಂಗಳದಲ್ಲಿ ಓಡಾಡ್ತಿದ್ದಾರೆ."

ಬಿಲ್ಲೆ ಮೇಡಂ ಫೋನು ಕೆಳಗಿಟ್ಟು ಹಣೆಗೆ ಕೈ ಹಚ್ಚಿದಳು. ನೂರು ಜನರ ಕೈಲಿ ಬೈಸಿಕೊಂಡಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಇದು ಮನುಷ್ಯರ ಜೊತೆಗಿನ ಜಗಳವಾಗಿದ್ದರೆ ಗೋಗರೆಯಬಹುದಿತ್ತು, ದಬಾಯಿಸಬಹುದಿತ್ತು. ಒಂದು ಸಂಖ್ಯೆಯ ಕಾಲು ಹಿಡಿಯುವುದು ಹೇಗೆ?

ಮಾರನೆಯ ದಿನ ಅಧ್ಯಕ್ಷೆಯ ಕೋಣೆಗೆ ಹೋದಳು. ಚೌಕದ ಕೆಳಗೆ ಏಳು ಬಿಲ್ಲೆಯ ಪುಟ್ಟ ಪಟ್ಟಿ ಹಾಕೋಣ ಅಂತ ಚಿತ್ರ ಬರೆದು ತೋರಿಸಿದಳು. ಅಧ್ಯಕ್ಷೆ ಕನ್ನಡಕ ಏರಿಸಿ ನೋಡಿದರು.

"ಹೊಲಿದ ಮೇಲೆ ಕತ್ತರಿಸೋಕೆ ಮರೆತ ದಾರ ನೇತಾಡ್ತಿರೋ ಹಾಗಿದೆ. ಆ ಏಳು ಮಕ್ಕಳು ಬಂದು ನೋಡಿ ಏನಂದ್ಕೋಬೇಕು? ನಾವು ಮಿಕ್ಕವರು ಅಂತ ತಾನೆ?"

"ನಾನೇ ಒಂದಷ್ಟು ಬಿಲ್ಲೆ ಮಾಡಿ ಸೇರಿಸಿ ಇನ್ನೊಂದು ಸಾಲು ತುಂಬಿಸ್ತೀನಿ."

"ನೀವು ಮಗುವಾ? ಕಲ್ಲಲ್ಲಿ ಕೆತ್ತಿಸಿದ್ದೀನಲ್ಲ."

"ಯಾರು ಎಣಿಸ್ತಾರೆ ಮೇಡಂ?"

"ನಮ್ಮತ್ತೆ ಎಣಿಸ್ತಾರೆ," ಅಂದರು ಅಧ್ಯಕ್ಷೆ. ತಮಾಷೆಗೆ ಹೇಳಿದ ಮಾತಲ್ಲ ಅದು. ಆಮೇಲೆ ಪಾಪ ಅನ್ನಿಸಿತೋ ಏನೋ, ಪೆನ್ಸಿಲ್ ತೆಗೆದುಕೊಂಡು ತಾವೇ ಗೀಚಿದರು. "ಇಷ್ಟು ಬೇಕಾದ್ರೆ ಒಪ್ತೀನಿ. ಎರಡು ಚೌಕ ಮಾಡಿ. ಒಂದು ದೊಡ್ಡದು, ಇನ್ನೊಂದು ಸ್ವಲ್ಪ ಚಿಕ್ಕದು. ತಾಯಿ ಮಗು ಇದ್ದ ಹಾಗೆ. ಅಳತೆ ಎಷ್ಟಾದ್ರೂ ಆಗಲಿ, ಎರಡೂ ಚೌಕ ಆಗಿರಬೇಕು. ಆಗ ಬೇಕಂತಲೇ ಮಾಡಿದ್ದು ಅನ್ನಿಸುತ್ತೆ."

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಗಿ ಬಿಲ್ಲೆ ಮೇಡಂ ಅಲ್ಲಿಂದಲೇ ಭಾವನಿಗೆ ಫೋನು ಹಚ್ಚಿದಳು.

"ಆಗಲ್ಲ," ಅಂದರು ಭಾವ, ಕ್ಷಣವೂ ತಡಮಾಡದೆ.

"ಲೆಕ್ಕ ಹಾಕಿ ಹೇಳಿ ಭಾವ."

"ಹಾಕೋದೇ ಬೇಡ. ಯಾವ ಚೌಕ ತಗೋ, ಅದರ ಬಿಲ್ಲೆಗಳನ್ನ ನಾಲ್ಕು ನಾಲ್ಕಾಗಿ ಗುಂಪು ಮಾಡಿದರೆ ಒಂದೋ ಏನೂ ಮಿಗಲ್ಲ, ಇಲ್ಲಾ ಒಂದು ಮಿಗುತ್ತೆ. ಎರಡು ಚೌಕ ಸೇರಿದರೆ ಹೆಚ್ಚಂದ್ರೆ ಎರಡು ಮಿಗಬಹುದು. ನಿನ್ನ ಸಂಖ್ಯೆಯಲ್ಲಿ ಮೂರು ಮಿಗುತ್ತೆ. ಹಾಗಾಗಿ ಈ ಜನ್ಮದಲ್ಲಿ ಅದು ಎರಡು ಚೌಕ ಆಗಲ್ಲ. ಏನು ಗಟ್ಟಿ ಸಂಖ್ಯೆ ಹಿಡಿದಿದ್ದೀಯಮ್ಮ ನೀನು, ಹುಡುಕಿದರೂ ಸಿಗಲ್ಲ ಇಂಥದ್ದು."

ಭಾವನ ಮೇಲೆ ಅವಳಿಗೆ ಹುಟ್ಟಿದ ಸಿಟ್ಟು ನ್ಯಾಯವಾದದ್ದೇನಲ್ಲ. ಆದರೂ ಬಂತು. ಮಾತು ಮುಗಿಸದೆ ಫೋನು ಇಟ್ಟಳು. ಹಿಡಿಯಲು ಹೋದರೆ ಜಾರುತ್ತದೆ, ಒಡೆಯಲು ಹೋದರೆ ಕೈಗೇ ಬಡಿಯುತ್ತದೆ, ಇದರಲ್ಲಿ ಚಂದ ಕಾಣುವವರ ಕಣ್ಣಿಗೆ ಮಣ್ಣು ಹಾಕಬೇಕು ಅಂದುಕೊಂಡಳು.

ಮೇಸ್ತ್ರಿಗೆ ಈ ರಗಳೆಯೆಲ್ಲ ಬೇಕಿರಲಿಲ್ಲ. ಅವನಿಗೆ ಇನ್ನೊಂದು ಕಡೆ ಕೆಲಸ ಕಾಯುತ್ತಿತ್ತು. "ಮೇಡಂ, ಸುಡುವಾಗ ಏಳು ಬಿಲ್ಲೆ ಸೀಳಿ ಹೋದವು ಅಂತ ತಿಳ್ಕೊಳ್ಳಿ. ಹತ್ತು ಸಾವಿರದಲ್ಲಿ ಏಳು ಸೀಳೋದು ಹೆಚ್ಚಾ? ನಿಮ್ಮ ಗೂಡಿನ ಪುಣ್ಯ, ಒಂದೂ ಸೀಳಿಲ್ಲ. ಪುಣ್ಯ ಸ್ವಲ್ಪ ಕಮ್ಮಿ ಆಯ್ತು ಅಂದ್ಕೊಂಡ್ರೆ ಮುಗೀತು," ಅಂದ.

ಮಧ್ಯಾಹ್ನ ಅವನು ಹೋದ ಮೇಲೆ ಅವಳು ಹಲಗೆಗಳ ಮುಂದೆ ನಡೆಯುತ್ತಾ ಒಂದೊಂದಾಗಿ ಏಳು ಬಿಲ್ಲೆ ಎತ್ತಿಕೊಂಡಳು. ಕೆಟ್ಟದ್ದನ್ನೇ ಆರಿಸಿದಳು. ಒಂದು ಪೂರ್ತಿ ಕಪ್ಪು. ಇನ್ನೊಂದರಲ್ಲಿ ಹೆಬ್ಬೆರಳು ಒತ್ತಿ ಗುಳಿ ಬಿದ್ದಿತ್ತು, ಬಣ್ಣವೇ ಇರಲಿಲ್ಲ. ಮತ್ತೊಂದರಲ್ಲಿ ಕಂದು ಬಣ್ಣ ಬಳಿದು ಅದರ ಮೇಲೆ ಮತ್ತೆ ಕಂದು ಬಳಿದಿದ್ದರು. ಒಂದರಲ್ಲಿ ಯಾರೋ ಏನನ್ನೋ ಬರೆದು, ಮನಸ್ಸು ಬದಲಾಯಿಸಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಹಾಕಿದ್ದರು. ಏಳನ್ನೂ ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದಳು. ಉಳಿದದ್ದು ನೂರಕ್ಕೆ ನೂರು, ಹೇಳಿ ಮಾಡಿಸಿದ ಚೌಕ. ಸಮಾಧಾನವಾಗಬೇಕಿತ್ತು. ಅದರ ಬದಲು, ಯಾರ ಮನೆಯಲ್ಲೋ ಊಟಕ್ಕೆ ಕೂತ ಮಕ್ಕಳಲ್ಲಿ ಒಂದಿಬ್ಬರನ್ನು ರಟ್ಟೆ ಹಿಡಿದು ಎಬ್ಬಿಸಿದ ಹಾಗನ್ನಿಸಿತು. ಅಂದು ಯಾರ ಫೋನನ್ನೂ ಎತ್ತಲಿಲ್ಲ.

ಎರಡು ದಿನ ಕಳೆದ ಮೇಲೆ ಕಾರ್ಖಾನೆಯ ಮುಂದೆ ಊರ ಬಸ್ಸೊಂದು ನಿಂತಿತು. ಅದು ಬಸ್ಸು ನಿಲ್ಲುವ ಜಾಗವೇ ಅಲ್ಲ. ಸಮವಸ್ತ್ರ ತೊಟ್ಟ ಡ್ರೈವರಮ್ಮ ಇಂಜಿನ್ ಆರಿಸದೆ ಇಳಿದು, ದಡದಡ ಒಳಗೆ ಬಂದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಎರಡು ಹಸಿ ಬಿಲ್ಲೆ.

"ಬಿಲ್ಲೆ ಮೇಡಂ ನೀವೇನಾ? ನನ್ನ ಮಕ್ಕಳದು ಇದು. ಬಣ್ಣ ಹಾಕೋ ದಿನ ಚಿಕ್ಕವಳಿಗೆ ಜ್ವರ, ಅವಳನ್ನ ನೋಡ್ಕೊಳ್ಳೋಕೆ ದೊಡ್ಡವಳು ಮನೇಲಿ ಉಳಿದಳು. ಟೀಚರು ಆಮೇಲೆ ಬಿಲ್ಲೆ ಕೊಟ್ಟು ಕಳಿಸಿದ್ರು. ಮಾಡಿ ಇಟ್ಟು ಎಷ್ಟೋ ದಿನ ಆಯ್ತು, ನನಗೇ ಈ ಕಡೆ ಬರೋಕೆ ಆಗಿರಲಿಲ್ಲ. ಸುಡೋದೊಂದು ಬಾಕಿ."

ಬಿಲ್ಲೆ ಮೇಡಂ ಆ ಎರಡನ್ನೂ ನೋಡಿದಳು. ಗಾಯದ ಮೇಲೆ ಬರೆ. "ಲೆಕ್ಕ ಮುಗಿದು ಹೋಗಿದೆಯಲ್ಲಮ್ಮ. ಕಲ್ಲಲ್ಲೂ ಕೆತ್ತಿಬಿಟ್ಟಿದ್ದಾರೆ."

"ಕಲ್ಲಲ್ಲಿ ಏನು ಬೇಕಾದ್ರೂ ಇರಲಿ. ಬಾಗಿಲು ತೆಗೆದ ದಿನ ಇವರಿಬ್ಬರೂ ಓಡಿ ಹೋಗಿ ಮೊದಲು ಹುಡುಕೋದು ತಮ್ಮದನ್ನ. ಎಲ್ಲ ಮಕ್ಕಳೂ ಅಷ್ಟೇ. ಅವರ ಬಿಲ್ಲೆ ಇಲ್ಲ ಅಂದ್ರೆ ಆ ಗೋಡೆ ತಗೊಂಡು ಏನು ಮಾಡಬೇಕು ಅವರು?" ಹೊರಗೆ ಪ್ರಯಾಣಿಕನೊಬ್ಬ ಕಿಟಕಿಯಿಂದ ತಲೆ ಹಾಕಿ, ಹೊರಡೋದು ಯಾವಾಗ ಅಂತ ಕೂಗಿದ. "ಬಂದೆ ಇರಪ್ಪ, ನಿನ್ನ ಮದುವೆ ಮುಹೂರ್ತ ಏನೂ ಮೀರಿಲ್ಲ," ಅಂತ ಅವಳು ಅಲ್ಲಿಂದಲೇ ಉತ್ತರಿಸಿ, ಬಿಲ್ಲೆಗಳನ್ನು ಮೇಜಿನ ಮೇಲಿಟ್ಟು ಹೋದಳು. ಬೇಡ ಅನ್ನಲು ಎಡೆಯನ್ನೇ ಕೊಡಲಿಲ್ಲ.

ಬಸ್ಸು ಹೋದ ಮೇಲೆ ಬಿಲ್ಲೆ ಮೇಡಂ ಬೆರಳು ಮಡಚಿದಳು. ಹತ್ತು ಸಾವಿರದ ಒಂಬತ್ತು. ಇದಾದರೂ ಭಾಗವಾಗಬಹುದು ಅನ್ನುವ ಆಸೆ ಇನ್ನೂ ಸತ್ತಿರಲಿಲ್ಲ, ನೋಡಿ. ಮೂರಕ್ಕೆ, ಏಳಕ್ಕೆ, ಹದಿನೇಳಕ್ಕೆ ಭಾಗಿಸುವ ತಾಳ್ಮೆ ಇಲ್ಲದೆ ಭಾವನಿಗೇ ಕೇಳಿದಳು.

"ಅದೂ ಅವಿಭಾಜ್ಯವೇ!" ಭಾವ ಕೂಗಿಯೇಬಿಟ್ಟರು. "ಎರಡರ ಅಂತರದಲ್ಲಿ ಎರಡು ಅವಿಭಾಜ್ಯ. ಅವಳಿ ಅಂತೀವಿ ಇವಕ್ಕೆ. ನೀನು ಒಂದನ್ನ ಹಿಡಿದಿದ್ದೆ, ಈಗ ಅದರ ಜೋಡಿಯನ್ನೂ..."

ಅವಳು ಅಷ್ಟಕ್ಕೇ ಫೋನು ಇಟ್ಟಳು. ಎದ್ದು, ಇನ್ನು ಯಾರ ಲೆಕ್ಕವೂ ಬೇಡ, ಆ ಏಳನ್ನೂ ಹೊರಗೆ ತೆಗೆದು ಅಧ್ಯಕ್ಷೆಯ ಮೇಜಿನ ಮೇಲೆ ಸುರಿದು, ನೀವೇ ಏನಾದ್ರೂ ಮಾಡಿಕೊಳ್ಳಿ ಅಂದುಬಿಡೋಣ ಅಂತ ಡ್ರಾಯರ್ ಎಳೆದಳು. ಡ್ರೈವರಮ್ಮನ ಮಾತು ಕೇಳಿದ ಮೇಲೆ ಅವನ್ನು ಒಳಗಿಡುವುದು ಹೇಗೂ ಸಾಧ್ಯವಿರಲಿಲ್ಲ. ಕಪ್ಪು ಬಿಲ್ಲೆಯನ್ನು ಯಾವುದೋ ಮಗು ಹುಡುಕಿಕೊಂಡು ಬರುತ್ತದೆ. ತನ್ನ ಹೆಬ್ಬೆರಳ ಗುಳಿಯನ್ನು ಯಾವುದೋ ಮಗು ಮತ್ತೆ ಬೆರಳಿಟ್ಟು ನೋಡುತ್ತದೆ.

ಮೇಜಿನ ಮೇಲೆ ಹೊಳಪು ಕೊಡುವ ಗ್ಲೇಜಿನ ಡಬ್ಬಿ, ಕುಂಚ, ಚಹಾ ಲೋಟಗಳ ನಡುವೆ ಖಾಲಿ ಇದ್ದದ್ದು ಗೇಣಗಲ ಜಾಗ. ಡ್ರೈವರಮ್ಮನ ಮಕ್ಕಳ ಎರಡು ಬಿಲ್ಲೆ ಆಗಲೇ ಅಲ್ಲಿದ್ದವು. ಅವುಗಳ ಪಕ್ಕ ಒಂದನ್ನಿಟ್ಟಳು. ಕೆಳಗೆ ಮೂರು ಇಟ್ಟಳು. ಅದರ ಕೆಳಗೆ ಮೂರು. ಜಾಗ ಸರಿಯಾಗಿ ತುಂಬಿತು, ಕೈ ಖಾಲಿಯಾಯಿತು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮೂರು ಸಾಲು, ಸಾಲಿಗೆ ಮೂರು. ಹಲಗೆಯ ಮೇಲೆ ನೂರು ಸಾಲು, ಸಾಲಿಗೆ ನೂರು. ಎರಡು ಚೌಕ.

ಎರಡನೇ ಸಲ ಎಣಿಸಿದಳು, ಒಂಬತ್ತನ್ನು ಎಣಿಸಲು ಎರಡನೇ ಸಲ ಬೇಕೇ ಅಂತ ತನಗೇ ನಾಚಿಕೆಯಾದರೂ. ಮತ್ತೆ ಭಾವನಿಗೆ ಫೋನು. ಅವರು ಬೇಜಾರು ಮಾಡಿಕೊಂಡಿರಲಿಲ್ಲ.

"ಅದನ್ನೇ ಹೇಳೋಕೆ ಹೊರಟಿದ್ದೆ, ನೀನು ಇಟ್ಟುಬಿಟ್ಟೆ. ಇದನ್ನ ನಾಲ್ಕರಿಂದ ಭಾಗಿಸಿದರೆ ಮಿಗೋದು ಒಂದು. ಅಂಥ ಅವಿಭಾಜ್ಯ ಯಾವಾಗಲೂ ಎರಡು ಚೌಕ ಆಗುತ್ತೆ, ಅದೂ ಒಂದೇ ಒಂದು ರೀತಿಯಲ್ಲಿ. ನೂರರ ಚೌಕ, ಮೂರರ ಚೌಕ. ಬೇರೆ ದಾರಿಯೇ ಇಲ್ಲ."

"ಎರಡು ಮಕ್ಕಳು ತಡವಾಗಿ ಬಂದಿದ್ದಕ್ಕೆ ಆಯ್ತು ಭಾವ. ಮೊದಲೇ ಬಂದಿದ್ದರೆ ನನ್ನ ತಲೆಕೂದಲು ಇಷ್ಟು ಉದುರುತ್ತಿರಲಿಲ್ಲ."

ಅಧ್ಯಕ್ಷೆಯನ್ನು ಒಪ್ಪಿಸುವುದು ಸಲೀಸಾಗಲಿಲ್ಲ. ಮಗು ಅಂದರೆ ತಾಯಿಯ ಸೊಂಟದವರೆಗಾದರೂ ಬರುವ ಚೌಕ ಅವರ ಮನಸ್ಸಿನಲ್ಲಿತ್ತು. ಗೇಣಗಲದ ಒಂಬತ್ತು ಬಿಲ್ಲೆ ನೋಡಿ ಮುಖ ಸಿಂಡರಿಸಿದರು. ಅದಕ್ಕಿಂತ ಹೆಚ್ಚಾಗಿ ಕಲ್ಲಿನ ಗೋಳು. "ಕೆತ್ತಿದ ಏಳನ್ನ ಅಳಿಸಿ ಒಂಬತ್ತು ಮಾಡೋಕೆ ಅದೇನು ಕರಿಹಲಗೆಯಾ?" ಅಂದರು. ಬಿಲ್ಲೆ ಮೇಡಮ್ಮನ ತಾಳ್ಮೆಯ ತಳ ಅಲ್ಲಿಗೆ ಕಂಡಿತು.

"ಒಂದು ಮಗುವನ್ನೂ ಬಿಡಲ್ಲ ಅಂತ ಹೇಳಿದವರು ನೀವು. ಇಬ್ಬರು ಹೊರಗೆ ನಿಂತಿದ್ದಾರೆ. ಅವರನ್ನ ಬಿಡೋದಾದ್ರೆ ನೀವೇ ಅವರ ತಾಯಿಗೆ ಹೇಳಿ. ದಿನಕ್ಕೆ ಹತ್ತು ಸಲ ನಿಮ್ಮ ಮನೆ ಮುಂದೆಯೇ ಬಸ್ಸು ಓಡಿಸ್ತಾಳೆ."

ಅಧ್ಯಕ್ಷೆ ಕಲ್ಲುಕುಟಿಗನಿಗೆ ಹೇಳಿ ಕಳಿಸಿದರು. ಕಲ್ಲುಕುಟಿಗ ಗೊಣಗುತ್ತಲೇ ಫಲಕವನ್ನು ಬೋರಲು ಹಾಕಿ ಹಿಂಬದಿಗೆ ಹೊಸದಾಗಿ ಕೆತ್ತಿದ. ಮೇಸ್ತ್ರಿ ದೊಡ್ಡ ಚೌಕವನ್ನು ಕಂಬಗಳ ನಡುವೆ ಕೂರಿಸಿದ. ಸಾಲು ಸೊಟ್ಟಗಾಯಿತು ಅಂತ ಎರಡು ಸಲ ಕಿತ್ತದ್ದೂ ಉಂಟು. ಚಿಕ್ಕ ಚೌಕವನ್ನು ಬಾಗಿಲ ಪಕ್ಕ, ಚಿಕ್ಕ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಹಾಕಿಸಿದಳು ಬಿಲ್ಲೆ ಮೇಡಂ. ಅದರಲ್ಲಿ ಯಾವ ಬಿಲ್ಲೆ ಹೋಗಬೇಕು ಅಂತ ಯಾರನ್ನೂ ಕೇಳಲಿಲ್ಲ. ಡ್ರಾಯರಿನ ಏಳು, ಡ್ರೈವರಮ್ಮನ ಎರಡು.

ಬಾಗಿಲು ತೆರೆದ ದಿನ ಗದ್ದಲವೋ ಗದ್ದಲ. ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಫಲಕದ ಮುಂದೆ ಬಹಳ ಹೊತ್ತು ನಿಂತರು. ಡ್ರೈವರಮ್ಮನ ಚಿಕ್ಕವಳು ತನ್ನ ಬಿಲ್ಲೆಯನ್ನು ತಟ್ಟಿ ತಟ್ಟಿ ಅಕ್ಕನಿಗೆ ತೋರಿಸಿದಳು. ಕಪ್ಪು ಬಿಲ್ಲೆಯ ಒಡೆಯ ಒಬ್ಬ ದಪ್ಪ ಕನ್ನಡಕದ ಪೋರ. ಅದು ಸುರಂಗವಂತೆ, ಒಳಗೆ ರೈಲಿದೆಯಂತೆ, ಇನ್ನೂ ಹೊರಗೆ ಬಂದಿಲ್ಲವಂತೆ. ಅದನ್ನು ಕೇಳಿ ಬಿಲ್ಲೆ ಮೇಡಂ ಇನ್ನೇನು ನಗಬೇಕು, ಅಷ್ಟರಲ್ಲಿ ಒಬ್ಬ ತಂದೆ ಎದುರಿಗೆ ಬಂದು ನಿಂತ. ಔಷಧಿ ಅಂಗಡಿಯವನು.

"ನನ್ನ ಮಗಳು ನವಿಲು ಬರೆದಿದ್ದಾಳೆ, ಒಂದೊಂದು ಗರಿಯೂ ಬಿಡಿಬಿಡಿಯಾಗಿ. ಅದು ಎಲ್ಲೋ ತೊಲೆಯ ಹತ್ತಿರ ಹೋಗಿ ಕೂತಿದೆ. ಇಲ್ಲಿ ಕಣ್ಣೆದುರಿಗೆ ಮಸಿ ಬಳಿದದ್ದು ಹಾಕಿದ್ದೀರಿ. ಈ ಒಂಬತ್ತು ಮಕ್ಕಳಿಗೆ ಏನು ಕೋಡಿದೆಯಾ?"

ಅವನ ಹಿಂದೆ ಇನ್ನೂ ನಾಲ್ಕೈದು ಜನ ಅದೇ ಮುಖ ಹೊತ್ತು ನಿಂತಿದ್ದರು. ಅಧ್ಯಕ್ಷೆ ದೂರದಿಂದ ನೋಡಿ, ಅದೆಲ್ಲ ಅವರ ತೀರ್ಮಾನ ಅನ್ನುವಂತೆ ಇವಳತ್ತ ಕೈ ತೋರಿಸಿ ಬೇರೆ ಕಡೆ ಹೊರಟರು. ನಾಲ್ಕರ ಲೆಕ್ಕ, ಅವಳಿ ಲೆಕ್ಕ, ಕಂಬದ ಲೆಕ್ಕ ಎಲ್ಲ ಅವಳ ನಾಲಗೆಯ ತುದಿಗೆ ಬಂದು ಹಾಗೇ ಒಳಗಿಳಿದವು. ಕೇಳುವ ಮುಖ ಅದಾಗಿರಲಿಲ್ಲ.

ಅವಳು ಹೋಗಿ ಮೇಸ್ತ್ರಿಯ ಏಣಿಯನ್ನು ಎಳೆದುಕೊಂಡು ಬಂದಳು. ಗೋಡೆಗೆ ಆನಿಸಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಹತ್ತಿ," ಅಂದಳು. ಔಷಧಿ ಅಂಗಡಿಯವನು ಮಗಳನ್ನು ಮುಂದೆ ಬಿಟ್ಟು ತಾನು ಹಿಂದೆ ಹತ್ತಿದ.

"ಸಿಕ್ಕಿತಾ?"

"ಇಲ್ಲ. ಏಣಿ ಇನ್ನೂ ಸ್ವಲ್ಪ ಎಡಕ್ಕೆ ಬೇಕು."

ಅವರು ಇಳಿದರು. ಬಿಲ್ಲೆ ಮೇಡಂ ಏಣಿಯನ್ನು ಎಡಕ್ಕೆ ಸರಿಸಿದಳು.